ಮನೆಯ ಗೇಟು ದಾಟಲಾಗದ ಅಕ್ಕನಿಗೆ ಅಂಗವಿಕಲರ ಪ್ರಮಾಣಪತ್ರ ಸಿಗುತ್ತದೆಯೇ?

ಓದುಗರ ಪ್ರಶ್ನೆ: ನಮ್ಮಕ್ಕನಿಗೆ 36 ವರ್ಷ. ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಏಳು ವರ್ಷದ ಹಿಂದೆ ಬಸ್ಸಿನಲ್ಲಿ ಹೋಗುವಾಗ ಎದೆ ಹಿಡಿದುಕೊಂಡಂತಾಗಿ, ಕೈಕಾಲು ನಡುಗಿ, ಸತ್ತೇ ಹೋಗುತ್ತೇನೆ ಅನಿಸಿತಂತೆ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಏನೂ ಇಲ್ಲ ಎಂದರು. ಆಮೇಲೆ ಮತ್ತೆ ಮತ್ತೆ ಹಾಗೇ ಆಯಿತು. ಮೊದಲು ಬಸ್ಸು ಬಿಟ್ಟಳು, ನಂತರ ಕೆಲಸ, ನಂತರ ಮದುವೆ ಮುಂಜಿ. ಈಗ ನಾಲ್ಕು ವರ್ಷದಿಂದ ಗೇಟು ದಾಟಿಲ್ಲ. ಹಲ್ಲುನೋವು ಬಂದರೂ ಡಾಕ್ಟರ ಹತ್ತಿರ ಬರುವುದಿಲ್ಲ. ಶುರುವಿನಲ್ಲಿ ಒಂದು ವರ್ಷ ಮನೋವೈದ್ಯರ ಮಾತ್ರೆ ತೆಗೆದುಕೊಂಡು ನಿಲ್ಲಿಸಿದಳು. ಮನೆಯಲ್ಲಿ ಅಡುಗೆ ಮಾಡುತ್ತಾಳೆ, ನನ್ನ ಮಗಳಿಗೆ ಪಾಠ ಹೇಳಿಕೊಡುತ್ತಾಳೆ. ಅಪ್ಪ ಸರ್ಕಾರಿ ಶಾಲೆಯ ನಿವೃತ್ತ ಮೇಷ್ಟ್ರು, 74 ವರ್ಷ. ಅವರ ನಂತರ ಅಕ್ಕನ ಗತಿಯೇನು ಎಂಬ ಚಿಂತೆ ನಮಗೆ. ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಬಹುದೇ? ‘ಕೈಕಾಲು ಗಟ್ಟಿ ಇರುವವರಿಗೆ ಕೊಡುವುದಿಲ್ಲ, ಹುಚ್ಚು ಅಂತ ಬರೆಸಿದರೆ ಆಸ್ತಿ ಹಕ್ಕೂ ಹೋಗುತ್ತದೆ’ ಎಂದು ಪರಿಚಯದವರೊಬ್ಬರು ಹೆದರಿಸಿದ್ದಾರೆ. ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇನೆ ಎಂದು ಇನ್ನೊಬ್ಬರು ಹಿಂದೆ ಬಿದ್ದಿದ್ದಾರೆ. ಪ್ರಮಾಣಪತ್ರ ಕೊಡುವ ವೈದ್ಯರ ಬೋರ್ಡ್ ಮುಂದೆ ಹಾಜರಾಗಲೇಬೇಕಂತೆ. ಹೊರಗೇ ಬರಲಾಗದವಳನ್ನು ಹೇಗೆ ಕರೆದುಕೊಂಡು ಹೋಗುವುದು?

ಉತ್ತರ:

ಮೊದಲು ನೇರ ಉತ್ತರ. ಅರ್ಜಿ ಹಾಕಬಹುದು. ಕೈಕಾಲು ಗಟ್ಟಿ ಇರುವುದು ಅಡ್ಡಿಯಲ್ಲ. ಆಸ್ತಿ ಹಕ್ಕು ಹೋಗುವುದಿಲ್ಲ. ಆದರೆ ನೀವು ಕೇಳಿರುವ ಮಾಸಿಕ ಪಿಂಚಣಿ ನಿಮ್ಮ ಮನೆಗೆ ಸಿಗುವ ಸಾಧ್ಯತೆ ಕಡಿಮೆ. ಅದಕ್ಕಿಂತ ದೊಡ್ಡ ಆಸರೆಯೊಂದು ನಿಮ್ಮ ಕೈಯಳತೆಯಲ್ಲೇ ಇದೆ, ಅದರ ಬಗ್ಗೆ ನೀವು ಕೇಳಿಲ್ಲ. ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತನಾಗಿ ಇಂಥ ಅರ್ಜಿಗಳ ಜೊತೆ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದೇನೆ. ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇದೇ. ಸಿಗದಿರುವುದರ ಹಿಂದೆ ಓಡಾಡಿ, ಸಿಗುವುದನ್ನು ಬಿಟ್ಟುಬಿಡುತ್ತಾರೆ.

ಕಾಗದಪತ್ರದ ಮಾತಿಗೆ ಮುಂಚೆ ಅಕ್ಕನ ಕಾಯಿಲೆ ಏನೆಂದು ನೋಡೋಣ. ಅದು ಅರ್ಥವಾಗದಿದ್ದರೆ ಅರ್ಜಿಯನ್ನೂ ಸರಿಯಾಗಿ ಬರೆಯಲಾಗದು.

ಬಸ್ಸಿನಲ್ಲಿ ಆಗಿದ್ದು ಪ್ಯಾನಿಕ್ ಅಟ್ಯಾಕ್‌ನಂತೆ ಕಾಣುತ್ತದೆ. ಅಪಾಯ ಬಂದಾಗ ಓಡುವುದಕ್ಕೋ ಹೋರಾಡುವುದಕ್ಕೋ ದೇಹ ಸಜ್ಜಾಗುತ್ತದೆ ಅಲ್ವಾ, ಆ ಸಿದ್ಧತೆ ಅಪಾಯವೇ ಇಲ್ಲದಾಗ ತಾನಾಗಿ ಶುರುವಾಗುವುದು ಇದು. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ಅದರಿಂದ ತಲೆ ಹಗುರಾಗಿ ಬೆರಳು ಜುಮ್ಮೆನ್ನುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುತ್ತತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಇಸಿಜಿಯಲ್ಲಿ ಏನೂ ಕಾಣದಿರುವುದಕ್ಕೆ ಕಾರಣ ಇದೇ. ಹೃದಯಕ್ಕೆ ಕಾಯಿಲೆ ಇಲ್ಲ. ಹಾಗಂತ ಅನುಭವ ಸುಳ್ಳಲ್ಲ. ಆ ಹೊತ್ತಿನಲ್ಲಿ ಸಾವು ಎದುರಿಗೆ ನಿಂತಂತೆಯೇ ಅನಿಸುತ್ತದೆ. ‘ಏನೂ ಇಲ್ಲ’ ಎಂದು ಡಾಕ್ಟರು ಕಳಿಸಿಬಿಟ್ಟರೆ ಮನೆಯವರು ಅದನ್ನು ‘ನಾಟಕ’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಅಲ್ಲಿಂದ ಆ ವ್ಯಕ್ತಿ ಹೇಳಿಕೊಳ್ಳುವುದನ್ನೇ ಬಿಡುತ್ತಾರೆ.

ಮುಂದೆ ನಡೆದದ್ದು ಇನ್ನೂ ಮುಖ್ಯ. ಬಸ್ಸಿನಲ್ಲಿ ಹಾಗಾಯಿತೆಂದು ಬಸ್ಸು ಬಿಟ್ಟರು. ಬಿಟ್ಟ ಕೂಡಲೇ ಜೀವಕ್ಕೆ ಹಾಯೆನಿಸಿತು. ಬಸ್ಸಿಗೆ ಹೋಗದಿದ್ದರೆ ನೆಮ್ಮದಿ ಎಂದು ಮನಸ್ಸು ಕಲಿತುಕೊಂಡಿತು. ಆಮೇಲೆ ಅದೇ ಪಾಠವನ್ನು ಶಾಲೆಗೆ, ಮದುವೆ ಮನೆಗೆ, ಕೊನೆಗೆ ಗೇಟಿಗೂ ಹಚ್ಚಿತು. ಹೀಗೆ ಹೊರಗಿನ ಜಾಗ, ಜನಸಂದಣಿ, ಸರದಿ ಸಾಲು, ಬಸ್ಸು, ಒಬ್ಬರೇ ಮನೆಯಾಚೆ ಇರುವುದು ಇವೆಲ್ಲ ಭಯದ ಜಾಗಗಳಾಗುವುದಕ್ಕೆ ಅಗೋರಾಫೋಬಿಯಾ ಎನ್ನುತ್ತಾರೆ. ಇದು ಸೋಮಾರಿತನವಲ್ಲ, ಹಟವಲ್ಲ. ಬಯ್ದರೆ ಹೋಗುವುದಿಲ್ಲ. ಸುಮ್ನೆ ಬಿಟ್ಟರೂ ಹೋಗುವುದಿಲ್ಲ. ಬಿಟ್ಟಷ್ಟೂ ಬಲಿಯುತ್ತದೆ. ನನ್ನ ಊಹೆ ರೋಗನಿರ್ಣಯವಲ್ಲ, ಅದನ್ನು ಮನೋವೈದ್ಯರೇ ಮಾಡಬೇಕು. ಥೈರಾಯ್ಡ್, ರಕ್ತಹೀನತೆಯಂಥವೂ ಇಂಥ ಲಕ್ಷಣ ತೋರಿಸುವುದರಿಂದ ಅವನ್ನೂ ಒಮ್ಮೆ ನೋಡಿಸಬೇಕು.

ಇನ್ನು ಕಾನೂನು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016. ಇದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಹಳೆಯ 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇದ್ದವು, ಈಗ 21 ಇವೆ. ಮಾನಸಿಕ ಅಸ್ವಸ್ಥತೆ ಎರಡರಲ್ಲೂ ಇದೆ. ಅದರ ವಿವರಣೆಯಲ್ಲಿ ಕಾಯಿಲೆಗಳ ಹೆಸರಿನ ಪಟ್ಟಿ ಇಲ್ಲ. ಯೋಚನೆ, ಮನಸ್ಥಿತಿ, ಗ್ರಹಿಕೆಯಂಥವುಗಳಲ್ಲಿ ಗಣನೀಯ ತೊಂದರೆ ಇದ್ದು, ಅದರಿಂದ ವಿವೇಚನೆ, ನಡವಳಿಕೆ ಅಥವಾ ಬದುಕಿನ ಸಾಮಾನ್ಯ ಬೇಡಿಕೆಗಳನ್ನು ಪೂರೈಸುವ ಶಕ್ತಿ ತೀವ್ರವಾಗಿ ಕುಂದಿರಬೇಕು ಎಂಬುದು ಅದರ ಸಾರ. ನಾಲ್ಕು ವರ್ಷದಿಂದ ಗೇಟು ದಾಟದೆ, ಹಲ್ಲುನೋವಿಗೂ ಹೊರಗೆ ಹೋಗಲಾಗದೆ ಇರುವುದು ‘ಬದುಕಿನ ಸಾಮಾನ್ಯ ಬೇಡಿಕೆ’ಯ ಮಾತೇ. ಆದರೂ ಒಂದು ವಾಸ್ತವ ಹೇಳಬೇಕು. ಬೋರ್ಡ್‌ಗಳಿಗೆ ಸ್ಕಿಜೋಫ್ರೇನಿಯಾ, ಬೈಪೋಲಾರ್, ಗೀಳು ಕಾಯಿಲೆಯ ಅರ್ಜಿಗಳು ರೂಢಿ. ಆತಂಕದ ಕಾಯಿಲೆಗೆ ಹೆಚ್ಚು ಪ್ರಶ್ನೆ ಬರುತ್ತದೆ. ಅದಕ್ಕೆ ದಾಖಲೆ ಗಟ್ಟಿಯಾಗಿರಬೇಕು.

ಆಸ್ತಿಯ ವಿಚಾರ. ಅಂಗವೈಕಲ್ಯದ ಪ್ರಮಾಣಪತ್ರ ಯಾರನ್ನೂ ಬುದ್ಧಿ ಸ್ವಾಧೀನದಲ್ಲಿಲ್ಲದವರು ಎಂದು ಘೋಷಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಇದನ್ನು ಬಿಡಿಸಿ ಹೇಳುತ್ತದೆ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಆ ವ್ಯಕ್ತಿ ಅಸ್ವಸ್ಥ ಮನಸ್ಸಿನವರು ಎಂದಾಗದು, ಅದನ್ನು ಸಕ್ಷಮ ನ್ಯಾಯಾಲಯವೇ ಹೇಳಬೇಕು. 2016ರ ಕಾಯ್ದೆಯ 13ನೇ ಸೆಕ್ಷನ್ ಅಂಗವಿಕಲರಿಗೆ ಆಸ್ತಿ ಹೊಂದುವ, ಪಿತ್ರಾರ್ಜಿತ ಪಡೆಯುವ, ಹಣಕಾಸು ನೋಡಿಕೊಳ್ಳುವ ಹಕ್ಕು ಎಲ್ಲರಷ್ಟೇ ಇದೆ ಎನ್ನುತ್ತದೆ. ಹೆದರಿಸಿದವರಿಗೆ ಇದನ್ನೇ ಹೇಳಿ.

ಈಗ ಬೋರ್ಡ್ ಏನನ್ನು ಅಳೆಯುತ್ತದೆ ಎಂಬುದು. ಉತ್ತರದಲ್ಲಿ ಎಲ್ಲಕ್ಕಿಂತ ಮುಖ್ಯ ಭಾಗ ಇದೇ, ನಿಧಾನವಾಗಿ ಓದಿ.

ಮಾನಸಿಕ ಅಸ್ವಸ್ಥತೆಗೆ ನಮ್ಮ ದೇಶದಲ್ಲಿ ಬಳಸುವ ಅಳತೆಯ ಹೆಸರು ಐಡಿಯಾಸ್. ಭಾರತೀಯ ಮನೋವೈದ್ಯಕೀಯ ಸಂಘ ರೂಪಿಸಿದ್ದು, 2002ರಲ್ಲಿ ಸರ್ಕಾರ ಒಪ್ಪಿ ಪ್ರಕಟಿಸಿದ್ದು. ಇದರಲ್ಲಿ ನಾಲ್ಕು ವಿಷಯ ನೋಡುತ್ತಾರೆ. ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಡನೆ ಸಂಬಂಧ, ಮಾತುಕತೆ ಮತ್ತು ಅರ್ಥ ಮಾಡಿಕೊಳ್ಳುವುದು, ಕೆಲಸ. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ. ತೊಂದರೆ ಜಾಸ್ತಿ ಆದಷ್ಟೂ ಅಂಕ ಜಾಸ್ತಿ. ಕಾಯಿಲೆಯ ಅವಧಿಗೂ 4ರವರೆಗೆ ಅಂಕ ಇದೆ. ಒಟ್ಟು 20. ಮೊತ್ತ 1ರಿಂದ 6 ಬಂದರೆ ಶೇಕಡಾ 40ಕ್ಕಿಂತ ಕಡಿಮೆ. 7ರಿಂದ 13 ಬಂದರೆ ಶೇಕಡಾ 40ರಿಂದ 70. 14ರಿಂದ 19 ಬಂದರೆ 71ರಿಂದ 99. ಪೂರ್ತಿ 20 ಬಂದರೆ ಶೇಕಡಾ 100. ಹೆಚ್ಚಿನ ಸೌಲಭ್ಯಕ್ಕೆ ಶೇಕಡಾ 40 ಬಾಗಿಲು. ಅಂದರೆ 7 ಅಂಕ.

ಇಲ್ಲಿ ಗಮನಿಸಿ. ‘ನಿಮಗೆ ಎಷ್ಟು ಭಯವಾಗುತ್ತದೆ’ ಎಂಬುದಕ್ಕೆ ಅಂಕವೇ ಇಲ್ಲ. ಭಯದಿಂದ ಏನು ನಿಂತುಹೋಗಿದೆ ಎಂಬುದಕ್ಕೆ ಅಂಕ. ಅರ್ಜಿಗಳು ಬಿದ್ದುಹೋಗುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಮನೆಯವರು ಬೋರ್ಡ್ ಮುಂದೆ ಹೋಗಿ ‘ತುಂಬ ಹೆದರಿಕೊಳ್ಳುತ್ತಾಳೆ ಸಾರ್, ರಾತ್ರಿಯೆಲ್ಲ ನಿದ್ದೆ ಇಲ್ಲ’ ಎನ್ನುತ್ತಾರೆ. ಡಾಕ್ಟರಿಗೆ ಅದನ್ನು ಎಲ್ಲಿ ಬರೆದುಕೊಳ್ಳಬೇಕೆಂದೇ ತಿಳಿಯುವುದಿಲ್ಲ. ‘ನಾಲ್ಕು ವರ್ಷದಿಂದ ಹಲ್ಲಿನ ಡಾಕ್ಟರ ಹತ್ತಿರ ಹೋಗಿಲ್ಲ, ನೋವು ತಡೆಯಲಾಗದೆ ಮಾತ್ರೆ ನುಂಗಿಕೊಂಡಿದ್ದಾಳೆ’ ಎಂದರೆ ಅದು ತನ್ನ ಆರೋಗ್ಯ ತಾನು ನೋಡಿಕೊಳ್ಳುವ ವಿಷಯಕ್ಕೆ ಸೇರುತ್ತದೆ. ‘ಸ್ವಂತ ಚಿಕ್ಕಪ್ಪನ ಮಗಳ ಮದುವೆಗೂ ಬರಲಿಲ್ಲ, ಮನೆಗೆ ನೆಂಟರು ಬಂದರೆ ಕೋಣೆ ಸೇರುತ್ತಾಳೆ’ ಎಂದರೆ ಸಂಬಂಧದ ವಿಷಯಕ್ಕೆ. ‘ಇಂಥ ವರ್ಷ ಶಾಲೆ ಬಿಟ್ಟಳು, ಆಮೇಲೆ ಸಂಬಳ ಕಂಡಿಲ್ಲ’ ಎಂದರೆ ಕೆಲಸಕ್ಕೆ.

ನಿಮ್ಮಕ್ಕನ ವಿಷಯದಲ್ಲಿ ತೊಡಕು ಬರುವುದು ಕೆಲಸದ ಅಂಕದಲ್ಲೇ. ಮನೆಗೆಲಸವನ್ನೂ ಈ ಅಳತೆ ಕೆಲಸ ಎಂದೇ ಎಣಿಸುತ್ತದೆ. ಅಡುಗೆ ಮಾಡುತ್ತಾರೆ, ಮಗುವಿಗೆ ಪಾಠ ಹೇಳುತ್ತಾರೆ ಎಂದು ಕೇಳಿದ ಕೂಡಲೇ ‘ಚೆನ್ನಾಗೇ ಇದ್ದಾರಲ್ಲ’ ಎನ್ನಬಹುದು. ಅದನ್ನು ಮುಚ್ಚಿಡಬೇಡಿ. ಇರುವುದನ್ನು ಪೂರ್ತಿ ಹೇಳಿ. ಅಡುಗೆ ಮಾಡುತ್ತಾರೆ, ಸಾಮಾನು ತರುವುದು ಬೇರೆಯವರು. ಪಾಠ ಹೇಳುತ್ತಾರೆ, ಶಾಲೆಗೆ ಹೋಗಿ ಹೇಳಲಾರರು. ಓದಿದ್ದು, ಹಿಂದೆ ಮಾಡುತ್ತಿದ್ದ ಕೆಲಸ, ಈಗ ಆಗುತ್ತಿರುವುದು, ಇವುಗಳ ನಡುವಿನ ಅಂತರವನ್ನು ಬೋರ್ಡ್ ಕಾಣಬೇಕು. ಅಂಕ ಎಷ್ಟು ಬರುತ್ತದೆಂದು ನಾನು ಹೇಳಲಾರೆ. ಆದರೆ ನೀವು ಬರೆದಿದ್ದನ್ನು ನೋಡಿದರೆ ಸ್ವಂತ ಆರೈಕೆಯಲ್ಲಿ ಸ್ವಲ್ಪ, ಸಂಬಂಧ ಮತ್ತು ಕೆಲಸದಲ್ಲಿ ಮಧ್ಯಮ, ಅವಧಿಯಲ್ಲಿ ಹೆಚ್ಚಿನ ಅಂಕ ಬರಬಹುದಾದ ಚಿತ್ರ ಇದು. ಹಾಗಾದರೆ 7 ದಾಟುತ್ತದೆ. ಶೇಕಡಾ 80 ಬರುವ ಚಿತ್ರವಂತೂ ಅಲ್ಲ. ಆ ಆಸೆ ಬೇಡ.

ಇನ್ನೊಂದು ದೊಡ್ಡ ಕೊರತೆ ಚಿಕಿತ್ಸೆ ನಿಂತಿರುವುದು. ಏಳು ವರ್ಷದ ಕಾಯಿಲೆಗೆ ಒಂದೇ ವರ್ಷದ ಚೀಟಿ ಇದ್ದರೆ, ಉಳಿದ ಆರು ವರ್ಷವನ್ನು ಬೋರ್ಡ್ ಯಾವ ಆಧಾರದ ಮೇಲೆ ನಂಬಬೇಕು? ಅದಕ್ಕಿಂತ ಮುಖ್ಯವಾಗಿ, ಇದು ಚಿಕಿತ್ಸೆಯಿಂದ ಸುಧಾರಿಸುವ ಕಾಯಿಲೆ. ಚಿಕಿತ್ಸೆ ಮಾಡಿಸಿ ವಾಸಿಯಾದರೆ ಸರ್ಟಿಫಿಕೇಟು ಸಿಗದು, ಅದಕ್ಕೇ ಮೊದಲು ಅದು ಕೈಗೆ ಬರಲಿ ಎಂದು ಕಾಯುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಕ್ಕನ ವಯಸ್ಸು 36. ಮುಂದೆ ಬದುಕಬೇಕಾದ ವರ್ಷಗಳು ಎಷ್ಟೋ ಇವೆ. ಯಾವ ಸೌಲಭ್ಯವೂ ಅವರಿಗೆ ಹೊರಗೆ ಓಡಾಡುವ ಬದುಕನ್ನು ವಾಪಸು ಕೊಡುವುದಿಲ್ಲ.

ಚಿಕಿತ್ಸೆ ಶುರು ಮಾಡಲು ಅವರು ಗೇಟು ದಾಟಬೇಕಿಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ಮನೋವೈದ್ಯರು ಮೊದಲ ಭೇಟಿಯನ್ನೂ ವಿಡಿಯೋ ಕರೆಯಲ್ಲಿ ಮಾಡಬಹುದು. ಯಾರನ್ನು ಹಿಡಿಯುವುದೆಂದು ತಿಳಿಯದಿದ್ದರೆ ಟೆಲಿ ಮಾನಸ್‌ಗೆ ಕರೆ ಮಾಡಿ. ಸಂಖ್ಯೆ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ದೇಶದ ಮಟ್ಟದಲ್ಲಿ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ಅವರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೂ ನಿಗದಿತ ದಿನ ಬರುತ್ತಾರೆ. ಅದಕ್ಕೆ ಮನೋಚೈತನ್ಯ ಕ್ಲಿನಿಕ್ ಎನ್ನುತ್ತಾರೆ, ಯಾವ ದಿನ ಎಂದು ವಿಚಾರಿಸಿ. ಮೊದಲ ಸಲ ಅಕ್ಕ ಬರದಿದ್ದರೂ ನೀವು ಹೋಗಿ ಮಾತಾಡಿಕೊಂಡು ಬನ್ನಿ. ಮನೆಗೆ ಬರಲು ಸಾಧ್ಯವೇ ಎಂದು ಆ ತಂಡವನ್ನೇ ಕೇಳಿ. ಎಲ್ಲ ಕಡೆ ಆಗದು, ಕೆಲವು ಕಡೆ ಆಗುತ್ತದೆ.

ಔಷಧಿ ಬಗ್ಗೆ ಎರಡು ಮಾತು. ಆತಂಕಕ್ಕೆ ಮೊದಲು ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಆದರೆ ಕೆಲಸ ಮಾಡಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ, ವಾಕರಿಕೆ ಬರಬಹುದು. ‘ಇನ್ನೂ ಜಾಸ್ತಿಯಾಯಿತು’ ಎಂದು ಆಗಲೇ ಬಿಡುವವರು ಬಹಳ. ಕೂಡಲೇ ನೆಮ್ಮದಿ ಕೊಡುವ ಇನ್ನೊಂದು ಬಗೆಯ ಮಾತ್ರೆಗಳಿವೆ, ಆಲ್ಪ್ರಾಜೋಲಾಮ್, ಕ್ಲೋನಾಜೆಪಾಮ್‌ನಂಥವು. ಅವು ಅಭ್ಯಾಸವಾಗಿಬಿಡುತ್ತವೆ. ಅಂಗಡಿಯಿಂದ ಹಳೆ ಚೀಟಿ ತೋರಿಸಿ ತರಬೇಡಿ, ಬಹಳ ದಿನ ತೆಗೆದುಕೊಂಡಿದ್ದರೆ ಥಟ್ಟನೆ ನಿಲ್ಲಿಸಲೂಬೇಡಿ.

ಮಾತ್ರೆಯಷ್ಟೇ ಮುಖ್ಯವಾದದ್ದು ಭಯದ ಜಾಗಕ್ಕೆ ಸ್ವಲ್ಪ ಸ್ವಲ್ಪವೇ ಮರಳುವ ಚಿಕಿತ್ಸೆ. ಮೊದಲು ಬಾಗಿಲು ತೆರೆದಿಟ್ಟು ಹೊಸಿಲ ಹತ್ತಿರ ಕೂರುವುದು. ಆಮೇಲೆ ಅಂಗಳ. ಆಮೇಲೆ ಗೇಟು. ಗೇಟಿನಾಚೆ ಹತ್ತು ಹೆಜ್ಜೆ. ನಿಂತ ಗಾಡಿಯಲ್ಲಿ ಕೂರುವುದು. ಗಾಡಿಯಲ್ಲಿ ಬೀದಿಯ ಕೊನೆಯವರೆಗೆ. ಒಂದೊಂದು ಹಂತದಲ್ಲೂ ಭಯ ಏರುತ್ತದೆ. ಏರಿದಾಗ ಓಡಿಬಂದರೆ ಹಳೆಯ ಪಾಠವೇ ಗಟ್ಟಿಯಾಗುತ್ತದೆ. ಅದು ತಾನಾಗಿ ಇಳಿಯುವವರೆಗೆ ಅಲ್ಲೇ ಇದ್ದರೆ ಮನಸ್ಸು ಹೊಸದನ್ನು ಕಲಿಯುತ್ತದೆ. ಮುಂದಿನ ಹಂತ ಯಾವಾಗ ಎಂಬುದನ್ನು ಅಕ್ಕ ನಿರ್ಧರಿಸಬೇಕು, ನೀವಲ್ಲ. ಮೋಸ ಮಾಡಿ, ‘ಇಲ್ಲೇ ಹೋಗಿ ಬರೋಣ’ ಎಂದು ಆಸ್ಪತ್ರೆಗೆ ಕರೆದೊಯ್ದರೆ, ಕಷ್ಟಪಟ್ಟು ಗಳಿಸಿದ ನಂಬಿಕೆ ಒಂದೇ ದಿನಕ್ಕೆ ಹೋಗುತ್ತದೆ.

ಈಗ ಅರ್ಜಿ. ಇದನ್ನು ಸ್ವಾವಲಂಬನ್ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಅದನ್ನೇ ಎಲ್ಲರೂ ಯುಡಿಐಡಿ ಎನ್ನುವುದು, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡು. 2021ರ ಜೂನ್‌ನಿಂದ ಪ್ರಮಾಣಪತ್ರ ಈ ಪೋರ್ಟಲ್ ಮೂಲಕವೇ ಕೊಡಬೇಕು. ಆಧಾರ್, ಫೋಟೋ, ವಿಳಾಸದ ದಾಖಲೆ ಸಾಕು. ಅಂಗವೈಕಲ್ಯದ ಬಗೆ ಆಯ್ಕೆ ಮಾಡುವಾಗ ಮಾನಸಿಕ ಅಸ್ವಸ್ಥತೆ ಎಂದೇ ಹಾಕಿ. ಬೌದ್ಧಿಕ ಅಂಗವೈಕಲ್ಯ ಬೇರೆ, ತಪ್ಪಾಗಿ ಅದನ್ನು ಒತ್ತಿದರೆ ಬುದ್ಧಿಶಕ್ತಿ ಅಳೆಯುವ ಪರೀಕ್ಷೆಗೆ ಕಳಿಸಿ ಸುತ್ತಾಡಿಸುತ್ತಾರೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ವಿಆರ್‌ಡಬ್ಲ್ಯೂ ಎಂದರೆ ಪಂಚಾಯಿತಿಯಲ್ಲಿ ಎಲ್ಲರಿಗೂ ಗೊತ್ತು. ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಇರುತ್ತಾರೆ. ಈ ಓಡಾಟಕ್ಕೆ ನೆರವಾಗುವುದೇ ಅವರ ಕೆಲಸ. ದುಡ್ಡು ಕೇಳುವ ಮಧ್ಯವರ್ತಿ ನಿಮಗೆ ಬೇಕೇ ಇಲ್ಲ. ಸುಳ್ಳು ದಾಖಲೆಯಿಂದ ಸೌಲಭ್ಯ ಪಡೆದರೆ 2016ರ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಿಕ್ಕಿಬೀಳುವುದು ಅಕ್ಕ, ಆ ಮನುಷ್ಯನಲ್ಲ.

ಅರ್ಜಿಗೆ ಮುಂಚೆ ಅಕ್ಕನ ಒಪ್ಪಿಗೆ ಪಡೆಯಿರಿ. ಇದು ಅವರ ಹೆಸರಿನ ಕಾಗದ. ಅವರ ಅರಿವಿಲ್ಲದೆ ಹಾಕಿ, ಒಂದು ದಿನ ಆಸ್ಪತ್ರೆಯಿಂದ ಕರೆ ಬಂದರೆ ಅವರಿಗೆ ಎಷ್ಟು ಗಾಬರಿಯಾಗಬಹುದು ಯೋಚಿಸಿ.

ಬೋರ್ಡ್ ಮುಂದೆ ಹಾಜರಾಗುವ ಪ್ರಶ್ನೆಗೆ ಬರೋಣ. ಮನೆಗೆ ಬಂದು ಪರೀಕ್ಷೆ ಮಾಡಲೇಬೇಕು ಎಂಬ ನಿಯಮ ಇದ್ದು ಅದನ್ನು ತೋರಿಸಬಹುದು ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಹೋಗಲೇಬೇಕು. ಆದರೆ 2016ರ ಕಾಯ್ದೆಯ 3ನೇ ಸೆಕ್ಷನ್ ಅಂಗವಿಕಲರಿಗೆ ಬೇಕಾದ ಸೂಕ್ತ ಹೊಂದಾಣಿಕೆ ಮಾಡಿಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕುತ್ತದೆ. ಆಸ್ಪತ್ರೆಗಳಲ್ಲಿ ಇವರಿಗೆ ಆದ್ಯತೆ ಕೊಡಬೇಕೆಂದು 25ನೇ ಸೆಕ್ಷನ್ ಹೇಳುತ್ತದೆ. ಇವೆರಡನ್ನು ಹೆಸರಿಸಿ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಮುಂಚಿತವಾಗಿ ಒಂದು ಪತ್ರ ಕೊಡಿ. ಚಿಕಿತ್ಸೆ ನೀಡುತ್ತಿರುವ ಮನೋವೈದ್ಯರ ಪತ್ರವನ್ನೂ ಜೊತೆಗೆ ಇಡಿ. ದಿನದ ಮೊದಲ ಅಥವಾ ಕೊನೆಯ ಸರದಿ ಕೇಳಿ. ಕರೆ ಬರುವವರೆಗೆ ಗಾಡಿಯಲ್ಲೇ ಕೂತಿರಲು ಅವಕಾಶ ಕೇಳಿ. ನೀವು ಜೊತೆಗೆ ಒಳಗೆ ಬರುವುದಾಗಿ ಹೇಳಿ. ತಾಲ್ಲೂಕಿನಲ್ಲಿ ಮೌಲ್ಯಮಾಪನ ಶಿಬಿರ ನಡೆಯುತ್ತದೆಯೇ ಎಂದು ವಿಆರ್‌ಡಬ್ಲ್ಯೂ ಹತ್ತಿರ ವಿಚಾರಿಸಿ. ಹತ್ತಿರ ಎಂಬ ಅನುಕೂಲ ಇದೆ, ಆದರೆ ಶಿಬಿರದಲ್ಲಿ ನೂಕುನುಗ್ಗಲು. ನಿಮ್ಮಕ್ಕನಂಥವರಿಗೆ ನಾನು ಸಾಮಾನ್ಯವಾಗಿ ಶಿಬಿರಕ್ಕಿಂತ ಮುಂಚೆಯೇ ಸಮಯ ಗೊತ್ತು ಮಾಡಿಕೊಂಡು ಆಸ್ಪತ್ರೆಗೆ ಹೋಗುವುದನ್ನೇ ಹೇಳುತ್ತೇನೆ.

ಕೊಟ್ಟ ದಿನ ಹೋಗಲಾಗದಿದ್ದರೆ ಸುಮ್ಮನೆ ಕೂರಬೇಡಿ. ಅದೇ ದಿನ ಕಾರಣ ಬರೆದು ಬೇರೆ ದಿನ ಕೇಳಿ, ಅರ್ಜಿ ಸಂಖ್ಯೆ ಹಾಕಿ, ಸ್ವೀಕೃತಿ ಇಟ್ಟುಕೊಳ್ಳಿ. 2024ರ ತಿದ್ದುಪಡಿ ನಿಯಮಗಳ ಪ್ರಕಾರ ಪ್ರಮಾಣಪತ್ರ ಕೊಡಲು ಆಸ್ಪತ್ರೆಗೆ ಮೂರು ತಿಂಗಳ ಗಡುವು. ಎರಡು ವರ್ಷ ಇತ್ಯರ್ಥವಾಗದೆ ಉಳಿದರೆ ಅರ್ಜಿ ನಿಷ್ಕ್ರಿಯವಾಗುತ್ತದೆ, ಮತ್ತೆ ಮೊದಲಿಂದ ಓಡಾಡಬೇಕು. ಮನೆ ಬಿಟ್ಟು ಬರಲಾಗದವರಿಗೇ ಇದು ಹೆಚ್ಚು ಹೊಡೆಯುತ್ತದೆ. ನನಗೆ ಈ ವಿಷಯದಲ್ಲಿ ನಿಜವಾಗಿ ಬೇಸರವಿದೆ. ಬರಲಾಗದಿರುವುದೇ ಕಾಯಿಲೆ ಆಗಿರುವಾಗ ಬಂದು ತೋರಿಸಿ ಎನ್ನುವುದು ನ್ಯಾಯವಲ್ಲ. ಈ ಮಾತನ್ನು ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರಾಗಿ ಬರೆಯಬಹುದು, ಬರೆಯಬೇಕು. ದೂರು ಹೆಚ್ಚಾದರೆ ವ್ಯವಸ್ಥೆ ಬದಲಾದೀತು.

ಒಂದು ವೇಳೆ ಅಕ್ಕ ಬೋರ್ಡ್‌ವರೆಗೆ ಬಂದರು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಮಾತ್ರೆ ತೆಗೆದುಕೊಂಡು, ಒಳ್ಳೆ ಸೀರೆ ಉಟ್ಟು, ಕೇಳಿದ್ದಕ್ಕೆಲ್ಲ ಮೇಷ್ಟ್ರ ಮಗಳಂತೆ ಅಚ್ಚುಕಟ್ಟಾಗಿ ಉತ್ತರ ಕೊಡುತ್ತಾರೆ. ಡಾಕ್ಟರಿಗೆ ಏನೂ ಕಾಣುವುದಿಲ್ಲ. ಆತಂಕದ ಕಾಯಿಲೆಯವರ ಕಷ್ಟವೇ ಇದು. ಇಪ್ಪತ್ತು ನಿಮಿಷ ಬಿಗಿ ಹಿಡಿದು ಕೂತು, ಮನೆಗೆ ಬಂದು ಮೂರು ದಿನ ಏಳುವುದಿಲ್ಲ. ಇಲ್ಲದ ನಡುಕ ತೋರಿಸಬೇಡಿ, ಅದರ ಅಗತ್ಯವೂ ಇಲ್ಲ. ‘ಇಲ್ಲಿಗೆ ಬರಲು ಎಷ್ಟು ವಾರ ತಯಾರಿ ಬೇಕಾಯಿತು, ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಿಸಬೇಕಾಯಿತು’ ಎಂಬುದನ್ನು ನೀವು ಹೇಳಿ. ಒಂದು ಹಾಳೆಯಲ್ಲಿ ಸಾಮಾನ್ಯ ವಾರ ಹೇಗಿರುತ್ತದೆ ಎಂದು ಮೊದಲೇ ಬರೆದುಕೊಂಡು ಹೋಗಿ. ಅತಿ ಕೆಟ್ಟ ದಿನವನ್ನೇ ಬರೆಯಬೇಡಿ, ಒಳ್ಳೆಯ ದಿನವನ್ನೂ ಬರೆಯಿರಿ, ಅಂಥವು ವಾರಕ್ಕೆ ಎಷ್ಟು ಎಂಬುದನ್ನೂ ಬರೆಯಿರಿ. ಅಕ್ಕ ಒಪ್ಪದೆ ಅವರ ವಿಡಿಯೋ ತೆಗೆದು ತೋರಿಸಬೇಡಿ. ಏಳು ವರ್ಷದ ಹಿಂದಿನ ಮನೋವೈದ್ಯರ ಚೀಟಿ ಕಳೆದಿದ್ದರೆ ಆ ಆಸ್ಪತ್ರೆಯಿಂದ ದಾಖಲೆ ಕೇಳಿ. ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ಅವರಿಗೆ ಕೊಟ್ಟಿದೆ. ಅಂದಿನ ಇಸಿಜಿಯ ಕಾಗದ ಇದ್ದರೆ ಅದೂ ಬೇಕು, ಕಾಯಿಲೆ ಯಾವಾಗ ಶುರುವಾಯಿತು ಎಂಬುದಕ್ಕೆ ಅದು ಸಾಕ್ಷಿ.

ಶೇಕಡಾವಾರು ಕಡಿಮೆ ಬಂದರೆ ಅಲ್ಲಿಗೆ ಮುಗಿಯಿತು ಎಂದಲ್ಲ. 90 ದಿನದೊಳಗೆ ಮೇಲ್ಮನವಿ ಹಾಕಬಹುದು. ಸುಧಾರಿಸುವ ಕಾಯಿಲೆಯಾದ್ದರಿಂದ ತಾತ್ಕಾಲಿಕ ಪ್ರಮಾಣಪತ್ರ ಕೊಡುವುದೇ ಹೆಚ್ಚು. ಅವಧಿ ಮುಗಿಯುವ ಮುಂಚೆ ಮತ್ತೆ ಪರೀಕ್ಷೆಗೆ ಹೋಗಬೇಕು. ಆ ತಾರೀಖನ್ನು ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೆ ಕೈಗೆ ಏನು ಬರುತ್ತದೆ? ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಗೆ ಶೇಕಡಾ 80 ಇರಬೇಕು, ಬಡತನ ರೇಖೆಗಿಂತ ಕೆಳಗಿರಬೇಕು. ಅದು ನಿಮಗಲ್ಲ. ರಾಜ್ಯದ ಪಿಂಚಣಿಗೆ ಶೇಕಡಾ 40 ಸಾಕು, ನಾಡಕಚೇರಿಯಲ್ಲಿ ಅರ್ಜಿ. ಆದರೆ ಕುಟುಂಬದ ಆದಾಯದ ಮಿತಿ ತುಂಬ ಕೆಳಗಿದೆ, ನಿವೃತ್ತ ಶಿಕ್ಷಕರ ಪಿಂಚಣಿ ಬರುವ ಮನೆ ಅದನ್ನು ದಾಟಿಬಿಡುತ್ತದೆ. ಅಪ್ಪನ ಆದಾಯ ಮುಚ್ಚಿಟ್ಟು ಆದಾಯ ಪ್ರಮಾಣಪತ್ರ ಮಾಡಿಸಿದರೆ ಮುಂದೆ ಬಂದ ಹಣ ವಾಪಸು ಕಟ್ಟಬೇಕಾಗುತ್ತದೆ. ನಿರಾಮಯ ವಿಮೆ ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯಕ್ಕೆ ಮಾತ್ರ. ಅಪ್ಪ ಆದಾಯ ತೆರಿಗೆ ಕಟ್ಟುವವರಾಗಿದ್ದು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ಅವಲಂಬಿತ ಮಗಳ ಆರೈಕೆಯ ಖರ್ಚಿಗಾಗಿ 75,000 ರೂಪಾಯಿ ವಿನಾಯಿತಿ ಇದೆ. 1961ರ ಕಾಯ್ದೆಯಲ್ಲಿ ಅದನ್ನು 80ಡಿಡಿ ಎನ್ನುತ್ತಾರೆ. ಅಕ್ಕ ಮತ್ತೆ ಓದಲು ಅಥವಾ ಸರ್ಕಾರಿ ಕೆಲಸಕ್ಕೆ ಪ್ರಯತ್ನಿಸಲು ಮನಸ್ಸು ಮಾಡಿದರೆ ಮೀಸಲಾತಿಯಲ್ಲೂ ಮಾನಸಿಕ ಅಸ್ವಸ್ಥತೆ ಇರುವವರಿಗೆ ಪಾಲಿದೆ.

ನಾನು ಶುರುವಿನಲ್ಲಿ ಹೇಳಿದ ದೊಡ್ಡ ಆಸರೆ ಅಪ್ಪನ ಕುಟುಂಬ ಪಿಂಚಣಿ. ಸರ್ಕಾರಿ ನೌಕರರ ಮಗ ಅಥವಾ ಮಗಳು ಮಾನಸಿಕ ಅಸ್ವಸ್ಥತೆಯಿಂದ ಸ್ವಂತ ದುಡಿಮೆ ಮಾಡಲಾಗದ ಸ್ಥಿತಿಯಲ್ಲಿದ್ದರೆ, ಅಪ್ಪ ಅಮ್ಮನ ನಂತರ ವಯಸ್ಸಿನ ಮಿತಿಯಿಲ್ಲದೆ ಅವರಿಗೆ ಕುಟುಂಬ ಪಿಂಚಣಿ ಸಿಗಲು ನಿಯಮದಲ್ಲಿ ಅವಕಾಶವಿದೆ. ಇಲ್ಲಿ ಬರೀ ಶೇಕಡಾ 40 ಸಾಲದು. ‘ಈ ಕಾಯಿಲೆಯಿಂದ ಜೀವನೋಪಾಯಕ್ಕೆ ದುಡಿಯಲಾರರು’ ಎಂದು ವೈದ್ಯಕೀಯ ಅಧಿಕಾರಿಗಳು ಬರೆಯಬೇಕು. ಆತಂಕದ ಕಾಯಿಲೆಗೆ ಹಾಗೆ ಬರೆಯಲು ಅವರು ಹಿಂದೆಮುಂದೆ ನೋಡುತ್ತಾರೆ, ವರ್ಷಗಟ್ಟಲೆ ಚಿಕಿತ್ಸೆ ಮಾಡಿಯೂ ಆಗಲಿಲ್ಲ ಎಂಬ ದಾಖಲೆ ಕೇಳುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಓಡಾಡಿದರೆ, ಕಾಯಿಲೆ ಅವರು ಇದ್ದಾಗಲೇ ಇತ್ತು ಎಂದು ಸಾಬೀತು ಮಾಡುವುದೇ ದೊಡ್ಡ ಹೋರಾಟವಾಗುತ್ತದೆ. ಆದ್ದರಿಂದ ಅಪ್ಪ ಇರುವಾಗಲೇ ಪಿಂಚಣಿ ಮಂಜೂರು ಮಾಡಿದ ಕಚೇರಿಗೆ ಅವರ ಸಹಿಯಲ್ಲಿ ಪತ್ರ ಕೊಟ್ಟು, ಕುಟುಂಬದ ವಿವರದಲ್ಲಿ ಅಕ್ಕನ ಹೆಸರು ಮತ್ತು ಸ್ಥಿತಿಯನ್ನು ಸೇರಿಸಲು ಕೇಳಿ. ಅಕ್ಕ ಸುಧಾರಿಸಿ ಸಂಪಾದಿಸತೊಡಗಿದರೆ ಈ ಹಕ್ಕು ನಿಲ್ಲುತ್ತದೆ. ಅದು ನಷ್ಟವಲ್ಲ.

ಗುಟ್ಟಿನ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಅಕ್ಕ ಕೇಳಿಯೇ ಕೇಳುತ್ತಾರೆ. ಆಸ್ಪತ್ರೆಯವರು ಅವರ ಮಾಹಿತಿಯನ್ನು ಹೊರಗೆ ಹೇಳುವಂತಿಲ್ಲ, ಕಾನೂನಿದೆ. ಆದರೆ ಯುಡಿಐಡಿ ಕಾರ್ಡಿನ ಮೇಲೆ ಅಂಗವೈಕಲ್ಯದ ಬಗೆ ಅಚ್ಚಾಗಿರುತ್ತದೆ. ತೋರಿಸಿದ ಕಡೆ ಅದು ಗೊತ್ತಾಗುತ್ತದೆ. ಕಾರ್ಡು ಇದ್ದ ಮಾತ್ರಕ್ಕೆ ಎಲ್ಲೆಡೆ ತೋರಿಸಬೇಕೆಂಬ ಕಟ್ಟಳೆ ಇಲ್ಲ. ಎಲ್ಲಿ ಬಳಸಬೇಕು, ಎಲ್ಲಿ ಬೇಡ ಎಂಬ ತೀರ್ಮಾನ ಅವರದ್ದೇ.

ನನ್ನನ್ನು ಕೇಳಿದರೆ ಈ ವಾರ ಮಾಡಬೇಕಾದದ್ದು ಅರ್ಜಿಯಲ್ಲ. ಅಕ್ಕನ ಪಕ್ಕದಲ್ಲಿ ಕೂತು 14416ಕ್ಕೆ ಕರೆ ಮಾಡಿ, ಫೋನನ್ನು ಅವರ ಕೈಗೆ ಕೊಡಿ. ವಿಡಿಯೋದಲ್ಲಿ ಮನೋವೈದ್ಯರನ್ನು ಕಾಣಲು ಒಂದು ದಿನ ಗೊತ್ತು ಮಾಡಿಕೊಳ್ಳಿ. ಅಪ್ಪನ ಪಿಂಚಣಿ ಆದೇಶದ ಪ್ರತಿ, ಹಳೆ ಚೀಟಿಗಳು, ಶಾಲೆ ಬಿಟ್ಟಾಗ ಕೊಟ್ಟ ಪತ್ರ ಇವನ್ನು ಒಂದು ಫೈಲಿಗೆ ಸೇರಿಸಿ. ಚಿಕಿತ್ಸೆ ಕೆಲವು ತಿಂಗಳು ನಡೆದು, ಅಕ್ಕ ನಿಮ್ಮ ಜೊತೆ ಗಾಡಿಯಲ್ಲಿ ಬೀದಿ ದಾಟುವಂತಾದ ಮೇಲೆ ಯುಡಿಐಡಿಗೆ ಅರ್ಜಿ ಹಾಕಿ. ಆಗ ಬೋರ್ಡ್ ಕೊಡುವ ದಿನಕ್ಕೆ ಅವರೂ ತಯಾರಿರುತ್ತಾರೆ, ಮನೋವೈದ್ಯರ ಪತ್ರವೂ ತಯಾರಿರುತ್ತದೆ.